ಕಳಕಪ್ಪ ಕಳಚಿಟ್ಟ ಬೂಟು

ರೇಣವ್ವನ ಮುಖ ತೆರೆಯ ಮೇಲೆ ಎಲ್ಲಿಯೂ ಕಾಣಕೂಡದು. ಶಿವನಪ್ಪ ಹಾಕಿದ್ದು ಅದೊಂದೇ ಷರತ್ತು. ಆದರೆ ಅದನ್ನು ಅವನು ಮೂರು ಸಲ ಹೇಳಿದ.

"ಬೀಳೂದು ಆಕಿ ಬೀಳಲಿ. ಏಳೂದು ನಮ್ಮ ಸಣ್ಣಪ್ಪ ಏಳತಾನ," ಎಂದು ಅವನು ಪರಶಪ್ಪನಿಗೆ ಬಿಡಿಸಿ ಹೇಳಿದ. "ಆಕಿ ಮಾರಿಗೆ ದಸ್ತಿ ಅರಿವಿ ಕಟ್ಟು. ಕೌಬಾಯ್ ಮಂದಿ ಹ್ಯಾಂಗೂ ಕಟ್ಟತಾರ. ನೋಡಾವರಿಗೆ ಇಬ್ಬರೂ ಒಬ್ಬಾವನ ಅನ್ನಿಸಬೇಕು."

ಶಿವನಪ್ಪ ನರೇಗಲ್ಲಿನವನು, ಟೆಂಟ್ ಸಿನಿಮಾದ ಮಾಲೀಕ. ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಸರದಿಯಂತೆ ಡೇರೆ ಹೂಡುತ್ತಿದ್ದ. ದೊಡ್ಡ ಚಿತ್ರಕ್ಕೆ ಮುನ್ನ ಅವನು ತೋರಿಸುತ್ತಿದ್ದ ಮೂಕಿ ತುಣುಕೊಂದಿತ್ತು: ಅಗಲ ಟೊಪ್ಪಿಗೆಯ ಕುದುರೆ ಸವಾರರು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗಿ ನೀರಿನ ತೊಟ್ಟಿಯಲ್ಲಿ ಬೀಳುವ ಹಳೆಯ ಪರದೇಶಿ ತಮಾಷೆ. ಜನ ಅದಕ್ಕಾಗಿಯೇ ಬೇಗ ಬಂದು ನೆಲ ಹಿಡಿಯುತ್ತಿದ್ದರು. ೧೯೫೭ರ ಸಂಕ್ರಾಂತಿಯ ವಾರ ಆ ತುಣುಕು ಯಂತ್ರದ ಹಲ್ಲಿಗೆ ಸಿಕ್ಕಿ ಚಿಂದಿಯಾಯಿತು.

ಅಂಥದ್ದನ್ನು ನಾವೇ ತೆಗೆಯೋಣ ಎಂದವನು ಪರಶಪ್ಪ. ಮುಂಬಯಿಯಲ್ಲಿ ಐದು ವರ್ಷ ಕ್ಯಾಮೆರಾ ಹೊತ್ತು ತಿರುಗಿ, ಕೊನೆಗೆ ರೋಣದಲ್ಲಿ ಫೋಟೋ ಸ್ಟುಡಿಯೋ ತೆರೆದಿದ್ದ. ಅವನ ಬಳಿ ಕೀಲಿ ಕೊಟ್ಟು ನಡೆಸುವ ಪುಟ್ಟದೊಂದು ಸಿನಿಮಾ ಕ್ಯಾಮೆರಾ ಇತ್ತು. "ಗಜೇಂದ್ರಗಡದ ಗುಡ್ಡ ನೋಡ್ರಿ ಸಾವ್ಕಾರ್ರ," ಎಂದಿದ್ದ. "ಅಮೇರಿಕಾದಾಗ ಇದಕ್ಕಿಂತ ಕೆಂಪನ ಬಂಡೆಗಲ್ಲು ಎಲ್ಲಿ ಅದಾವ?" ಶಿವನಪ್ಪ ಒಪ್ಪಿ ಫಿಲ್ಮ್ ಸುರುಳಿಗಳನ್ನು ತರಿಸಿಕೊಟ್ಟ. ಕೊಟ್ಟವನು ತನ್ನ ಅಕ್ಕನ ಮಗ ಸಣ್ಣಪ್ಪನನ್ನೇ ನಾಯಕನನ್ನಾಗಿಯೂ ಕೊಟ್ಟ. ಧಾರವಾಡದಲ್ಲಿ ಎರಡು ವರ್ಷ ಕಾಲೇಜು ಕಲಿತ ಸಣ್ಣಪ್ಪನ ಬೈತಲೆ ಬಹಳ ನೇರವಾಗಿತ್ತು. ಅವನಿಗೆ ಬೀಳಲು ಮಾತ್ರ ಬರುತ್ತಿರಲಿಲ್ಲ.

ಬೀಳುವ ವಿದ್ಯೆ ಸುತ್ತಲ ನಾಲ್ಕು ಊರುಗಳಲ್ಲಿ ಬರುತ್ತಿದ್ದುದು ಒಬ್ಬಳಿಗೇ. ರೇಣವ್ವ ಹದಿನೈದು ವರ್ಷ ನಾಟಕ ಕಂಪನಿಯಲ್ಲಿ ಹಾಸ್ಯದ ಪಾತ್ರ ಮಾಡಿದವಳು. ಬೆನ್ನನ್ನು ಕಡ್ಡಿಯಂತೆ ನೆಟ್ಟಗಿಟ್ಟು ಹಿಂದಕ್ಕೆ ಉರುಳುವ ಅವಳ ಬೀಳಾಟಕ್ಕೆ ಕಂಪನಿಯವರು 'ಹಲಗಿ ಬೀಳೂದು' ಎಂದು ಹೆಸರಿಟ್ಟಿದ್ದರು. ಮಸಿ, ಹುರಿ ಮೀಸೆ, ಬಿಳಿ ಗಡ್ಡ ಇವುಗಳ ಹಿಂದೆಯೇ ಅವಳ ಹದಿನೈದು ವರ್ಷ ಕಳೆದವು. ಮುದುಕರು, ಕುಡುಕರು, ತಲಾಟಿಗಳು, ಎಲ್ಲರೂ ಅವಳೇ. ನರಗುಂದದಲ್ಲಿ ಕಂಪನಿ ಮುಚ್ಚಿದ ಮರುದಿನ ಅವಳು ಚಹಾದ ಅಂಗಡಿಯ ಮುಂದೆ ನಿಂತಿದ್ದಾಗ ಅಂಗಡಿಯವನು ಅವಳಿಗೇ ಆ ಬೀಳಾಟವನ್ನು ವರ್ಣಿಸಿದ್ದ. "ಏನ್ ಬೀಳತಿದ್ದ ಅಂತೀರಿ ಆ ಮುದುಕ," ಎಂದಿದ್ದ. ರೇಣವ್ವ ಚಹಾ ಕುಡಿಯದೆ ಹೊರಟಿದ್ದಳು. ಈಗ ಗಜೇಂದ್ರಗಡದ ಮಗ್ಗದ ಮನೆಯೊಂದರಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದಳು.

ಪರಶಪ್ಪ ಷರತ್ತನ್ನು ಹೇಳಿದಾಗ ಅವಳು ರಾಟೆ ನಿಲ್ಲಿಸಲಿಲ್ಲ.

"ಯಾಕಂತ, ಮಾರಿ ಮುಚ್ಚೂದು?"

"ಹೆಣ್ಣಮಗಳು ಬಿದ್ದರ ಮಂದಿ ನಗೂದಿಲ್ಲ, ಎಬ್ಬಿಸಾಕ ಓಡಿ ಬರತಾರ ಅಂತಾರ್ರಿ ಸಾವ್ಕಾರ್ರು."

"ಮತ್ತ ನೀ ಏನಂದಿ?"

"ನಾ ಏನನ್ನಲಿ, ಅಕ್ಕಾ. ಸುರುಳಿ ಅವರವು."

ರಾಟೆ ಮೂರು ಸುತ್ತು ತಿರುಗಿತು. "ಬರತೀನಿ," ಎಂದಳು ರೇಣವ್ವ. "ಆದರ ಈಗ ಹೇಳೂದು ಕೇಳಿಸ್ಕೊಂಡು ಹೋಗು, ಪರಶಪ್ಪ. ಒಂದ್ ಸಲ ಆ ದಸ್ತಿ ಜಾರತೈತಿ. ಯಾವಾಗ ಅನ್ನೂದು ನನಗೂ ಗೊತ್ತಿಲ್ಲ. ಜಾರಿದಾಗ ನೀ ಕ್ಯಾಮೆರಾ ನಿಲ್ಲಿಸಬ್ಯಾಡ. ಬಿದ್ದಾಕಿ ನಾನು ಅಂತ ಒಮ್ಮೆ ಮಂದಿಗೆ ಗೊತ್ತಾಗಲಿ, ಆಮ್ಯಾಲ ನನ್ನ ಹುಗದರೂ ಚಿಂತಿ ಇಲ್ಲ."

ಪರಶಪ್ಪ ಎದ್ದು ಹೊರಟ. ದಾರಿಯುದ್ದಕ್ಕೂ ಅವನಿಗೆ ಆ ಮಾತಿನ ಹೊರತು ಬೇರೇನೂ ನೆನಪಾಗಲಿಲ್ಲ.

*

ಶಿವರಾತ್ರಿ ಕಳೆದ ವಾರ ಗುಡ್ಡದ ಬುಡದಲ್ಲಿ ಚಿತ್ರೀಕರಣ ಆರಂಭವಾಯಿತು. ಕಂಬಳಿಯ ತುಂಡುಗಳನ್ನು ಹುಣಸೆಬೀಜದ ಗಂಜಿಯಲ್ಲಿ ಅದ್ದಿ, ಕೊಡದ ಮೇಲೆ ಒಣಹಾಕಿ ಟೊಪ್ಪಿಗೆಗಳನ್ನು ಮಾಡಿದ್ದರು. ಬಿಸಿಲೇರಿದಂತೆ ಅವು ಗಟ್ಟಿಯಾಗುತ್ತಿದ್ದವು. ಬೆವರು ಇಳಿದಂತೆ ಕಿವಿಯ ಮೇಲೆ ಜೋತು ಬೀಳುತ್ತಿದ್ದವು. ದರೋಡೆಕೋರನ ಪಾತ್ರಕ್ಕೆ ಮುಶಿಗೇರಿಯ ಕಳಕಪ್ಪ ಬಂದಿದ್ದ. ಹೊಲದ ಮನುಷ್ಯ, ಬಯಲಾಟದಲ್ಲಿ ಇಪ್ಪತ್ತು ವರ್ಷ ರಾಕ್ಷಸನಾಗಿ ಕುಣಿದವನು. ಅವನ ಮೀಸೆಯನ್ನು ಕಂಡೇ ಅರ್ಧ ಕಥೆ ಹುಟ್ಟಿತ್ತು. ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ಒಬ್ಬರಿಂದ ಅವನಿಗಾಗಿ ಮೊಣಕಾಲೆತ್ತರದ ಬೂಟುಗಳನ್ನು ಬೇಡಿ ತಂದಿದ್ದರು. ಹುಟ್ಟಿದಾಗಿನಿಂದ ಬೂಟು ಮೆಟ್ಟದ ಕಳಕಪ್ಪ ಅವುಗಳಲ್ಲಿ ಕಾಲಿಟ್ಟು, "ಇದರಾಗ ನಾ ನಡೀಲ್ಯಾ, ಇದಽ ನನ್ನ ನಡಸ್ತೈತ್ಯಾ?" ಎಂದು ಕೇಳಿದ್ದ.

ಕುದುರೆಯ ಹೆಸರು ಸುಲ್ತಾನ. ಅದರ ಒಡತಿ ರಸೂಲಬಿ, ಅರವತ್ತು ದಾಟಿದವಳು. ಗಂಡ ತೀರಿಕೊಂಡ ಮೇಲೆ ಟಾಂಗಾದ ಲಗಾಮು ತಾನೇ ಹಿಡಿದಿದ್ದಳು. ಮೊದಲ ದಿನ ಸಣ್ಣಪ್ಪ ಸುಲ್ತಾನನ ಮೇಲೆ ಕುಳಿತು ನಾಗಾಲೋಟದಲ್ಲಿ ಬರಬೇಕು, ಕಳಕಪ್ಪ ಎರಡೂ ಕೈ ಮೇಲೆತ್ತಿ ಶರಣಾಗಬೇಕು ಎಂದಿತ್ತು. ಸಣ್ಣಪ್ಪ ಬಂದ. ಕಳಕಪ್ಪ ಕೈ ಎತ್ತಿದ. ಹನ್ನೆರಡು ವರ್ಷ ಬಸ್ ನಿಲ್ದಾಣದಿಂದ ಪೇಟೆಗೆ ಟಾಂಗಾ ಎಳೆದಿದ್ದ ಸುಲ್ತಾನ, ಕೈ ಕಂಡದ್ದೇ ತಡ, ನಾಲ್ಕೂ ಕಾಲೂರಿ ನಿಂತುಬಿಟ್ಟ. ಸಣ್ಣಪ್ಪ ನಿಲ್ಲಲಿಲ್ಲ, ಕುದುರೆಯ ಕಿವಿಗಳ ನಡುವಿನಿಂದ ಹಾರಿ ಬಂದರಿಕೆಯ ಪೊದೆಯಲ್ಲಿ ಇಳಿದ.

"ಅದಕ್ಕೇನ್ ಗೊತ್ತ್ರಿ ಇದು ಸಿನಿಮಾ ಅಂತ," ಎಂದಳು ರಸೂಲಬಿ ಎಲೆ ಅಡಿಕೆ ಜಗಿಯುತ್ತ. "ಕೈ ಎತ್ತಿದರ ಗಿರಾಕಿ ಬಂತು ಅಂತೈತಿ."

ಆ ಹೊತ್ತಿಗೆ ಕ್ಯಾಮೆರಾ ಓಡುತ್ತಿರಲಿಲ್ಲವೆಂದು ಪರಶಪ್ಪ ತಲೆ ಚಚ್ಚಿಕೊಂಡ. ಸಣ್ಣಪ್ಪ ಮತ್ತೆ ಕುದುರೆ ಹತ್ತುವುದಿಲ್ಲವೆಂದು ಆಣೆ ಮಾಡಿದ. ರೇಣವ್ವ ಮಾತ್ರ ಕುದುರೆಯ ಕುತ್ತಿಗೆ ಸವರಿ, ಅಗಲ ಟೊಪ್ಪಿಗೆಯನ್ನು ಕಣ್ಣಿನ ತನಕ ಎಳೆದು, ದಸ್ತಿಯನ್ನು ಮೂಗಿನ ಮೇಲೆ ಬಿಗಿದು ಏರಿದಳು. ಆ ದಿನ ಅವಳು ಸುಲ್ತಾನನ ಕಿವಿಗಳ ನಡುವಿನಿಂದ ಆರು ಸಲ ಹಾರಿದಳು; ಒಮ್ಮೆ ಪೊದೆಗೆ, ಒಮ್ಮೆ ಕಳಕಪ್ಪನ ತೋಳಿಗೆ, ಒಮ್ಮೆ ಪಲ್ಟಿ ಹೊಡೆದು ನೇರವಾಗಿ ಎರಡು ಕಾಲ ಮೇಲೆ. ಪ್ರತಿ ಸಲವೂ ಅವಳು ಬಿದ್ದ ಜಾಗಕ್ಕೆ ಸಣ್ಣಪ್ಪ ಬಂದು ಅದೇ ಭಂಗಿ ಹಿಡಿಯುತ್ತಿದ್ದ, ದಸ್ತಿ ಸರಿಸಿ ನಗುತ್ತಿದ್ದ, ಪರಶಪ್ಪ ಅವನ ಮುಖವನ್ನು ಹತ್ತಿರದಿಂದ ತೆಗೆಯುತ್ತಿದ್ದ.

"ತಂಗೀ," ಎಂದ ಕಳಕಪ್ಪ ಸಂಜೆ, ಅವಳ ಮೊಣಕೈಗೆ ಅರಿಸಿನ ಹಚ್ಚಿಕೊಡುತ್ತ. "ನಮ್ಮ ಆಟದಾಗ ರಾಕ್ಷಸ ಸತ್ತರ ಸತ್ತಾವನ ಏಳತಾನ. ಇಲ್ಲಿ ನೀ ಸಾಯತಿ, ಮತ್ತೊಬ್ಬ ಏಳತಾನ. ಇದ್ಯಾವ ಶಾಸ್ತ್ರ?"

ರೇಣವ್ವ ನಕ್ಕಳು. ಐದು ದಿನಗಳಲ್ಲಿ ಐದು ಸುರುಳಿ ಮುಗಿದವು. ದಸ್ತಿ ಜಾರಲಿಲ್ಲ. ಅವಳು ಬಿದ್ದಾಗಲೆಲ್ಲ ಪರಶಪ್ಪ ಅದರ ಗಂಟನ್ನೇ ನೋಡುತ್ತಿದ್ದ. ಪ್ರತಿ ಸಲವೂ ದಸ್ತಿ ಗಂಟು ಬಿಚ್ಚದೆ ಉಳಿಯುತ್ತಿತ್ತು.

*

ಆರನೆಯ ದಿನಕ್ಕೆ ಒಂದೇ ಸುರುಳಿ ಉಳಿದಿತ್ತು. ಅದಲ್ಲದೆ, ಚಿತ್ರದ ಹೆಸರು, ನಟರ ಹೆಸರು ಬರೆದು ತೆಗೆಯಲೆಂದು ಕತ್ತರಿಸಿಟ್ಟ ಮೂರ್ನಾಲ್ಕು ಮೊಳದಷ್ಟು ತುಂಡೊಂದು ಡಬ್ಬಿಯಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಆ ಕೊನೆಯ ಸುರುಳಿಯಲ್ಲಿಯೂ ಒಂದು ಕೀಲಿಯಷ್ಟು ಮಾತ್ರ ಬಾಕಿ ಇತ್ತು. ಕ್ಯಾಮೆರಾದ ಕೀಲಿಯನ್ನು ಪೂರ್ತಿ ತಿರುವಿದರೆ ಅದು ಇಪ್ಪತ್ತೆಂಟು ಸೆಕೆಂಡು ಓಡಿ ತಾನಾಗಿಯೇ ನಿಲ್ಲುತ್ತಿತ್ತು. ರೇಣವ್ವ ಮೊದಲ ದಿನವೇ ಆ ಲೆಕ್ಕವನ್ನು ತಾಳದಂತೆ ಮೈಗೆ ಹತ್ತಿಸಿಕೊಂಡಿದ್ದಳು.

ಗುಡ್ಡದ ಬುಡದಲ್ಲಿ ತಿಪ್ಪವ್ವ ಎಂಬ ಮುದುಕಿಯ ಒಂಟಿ ಮನೆ. ಅದರ ಬಾಗಿಲಿಗೆ ಮಗ್ಗದ ಹಳೆಯ ಹಲಗೆಗಳಿಂದ ಎರಡು ಗಿಡ್ಡ ಕದ ಕೂಡಿಸಿ, ಮೇಲೊಂದು ಸೀಸೆಯ ಚಿತ್ರ ಬರೆದು ಅದನ್ನು ಹೆಂಡದಂಗಡಿ ಮಾಡಿದ್ದರು. ಕೊನೆಯ ದೃಶ್ಯ ಸರಳವಾಗಿತ್ತು. ಕಳಕಪ್ಪ ಪಿಸ್ತೂಲು ಹಿಡಿದು ಬರಬೇಕು. ಬೂಟುಗಾಲಿನಿಂದ ಕದ ಒದ್ದು ಒಳನುಗ್ಗಬೇಕು. ಒದೆತಕ್ಕೆ ಒಳಗಿದ್ದ ರೇಣವ್ವ ಪಕ್ಕದ ಕಿಟಕಿಯಿಂದ ಹೊರಗೆ ಚಿಮ್ಮಬೇಕು. ಅಷ್ಟೇ. ಕಿಟಕಿಯಲ್ಲಿ ಸಣ್ಣಪ್ಪನ ನಗುಮುಖವನ್ನು ಕೊನೆಯ ಐದು ಸೆಕೆಂಡಿನಲ್ಲಿ ಸೇರಿಸುವುದೆಂದು ಮಾತಾಗಿತ್ತು.

"ಇದು ಹಾಳಾದರ ಮತ್ತ ಇಲ್ಲ," ಎಂದ ಪರಶಪ್ಪ ಕೀಲಿ ತಿರುವುತ್ತ. "ಕಳಕಪ್ಪಣ್ಣಾ, ನಿಲ್ಲಬ್ಯಾಡ. ನೆಟ್ಟಗ ಬಂದು ಒದ್ದು ಒಳಗ."

"ಒದೀತೀನಿ ತಗೋ," ಎಂದ ಕಳಕಪ್ಪ.

ಕ್ಯಾಮೆರಾ ಕಿರಗುಟ್ಟಿತು. ಕಳಕಪ್ಪ ಹುಲಿಯಂತೆ ಬಂದ. ಕಣ್ಣು ಉರಿಯುತ್ತಿದ್ದವು, ಮೀಸೆ ನಿಗುರಿತ್ತು, ಬೂಟುಗಳು ಧೂಳೆಬ್ಬಿಸುತ್ತಿದ್ದವು. ಬಾಗಿಲ ಬಳಿ ಬಂದವನು ಕಾಲೆತ್ತಿದ. ಎತ್ತಿದ ಕಾಲನ್ನು ಹಾಗೆಯೇ ಕೆಳಗಿಳಿಸಿದ.

ತಿಪ್ಪವ್ವ ಆ ದಿನವೂ, ಎಲ್ಲ ದಿನಗಳಂತೆ, ಬೆಳಗ್ಗೆದ್ದು ಹೊಸ್ತಿಲು ತೊಳೆದು ಅರಿಸಿನ ಬಳಿದು ಕುಂಕುಮವಿಟ್ಟಿದ್ದಳು. ಅದನ್ನು ಅಳಿಸಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ.

ಕಳಕಪ್ಪ ಒಂದು ಬೂಟಿನಿಂದ ಇನ್ನೊಂದರ ಹಿಮ್ಮಡಿಯನ್ನು ಒತ್ತಿ ಕಳಚಿದ. ಬರಿಗಾಲಿನಿಂದ ಎರಡನೆಯದನ್ನು ಕಳಚಿದ. ಬಾಗಿ ಎರಡನ್ನೂ ಗೋಡೆಗೆ ಒತ್ತಿ ಜೋಡಿಸಿಟ್ಟ. ಪಿಸ್ತೂಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಮತ್ತೆ ಮುಖವನ್ನು ಸಿಟ್ಟಾಗಿಸಿಕೊಂಡು, ಹೊಸ್ತಿಲನ್ನು ತುಳಿಯದಂತೆ ಎಚ್ಚರದಿಂದ ದಾಟಿ, ಕೈಯಿಂದ ಕದ ತಳ್ಳಿ ಒಳಗೆ ಹೋದ.

ಹತ್ತು ಸೆಕೆಂಡು ಕಳೆದಿದ್ದವು. ಒದೆತವಿಲ್ಲ. ಚಿಮ್ಮಲು ಕಾರಣವಿಲ್ಲ. ಕ್ಯಾಮೆರಾ ಓಡುತ್ತಲೇ ಇತ್ತು. ಕದಗಳು ಖಾಲಿಯಾಗಿ ಅಲ್ಲಾಡುತ್ತಿದ್ದವು. ಗೋಡೆಗೊರಗಿ ಜೋಡಿ ಬೂಟು ನಿಂತಿತ್ತು.

ಕಿಟಕಿಯಿಂದ ಒಂದು ಟೊಪ್ಪಿಗೆ ಹೊರಬಂತು. ಅದರ ಹಿಂದೆ ರೇಣವ್ವ. ಅವಳು ಚಿಮ್ಮಲಿಲ್ಲ, ಬೆಕ್ಕಿನಂತೆ ಇಳಿದು, ತುದಿಗಾಲಲ್ಲಿ ಬಂದು, ಬೂಟುಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಅತ್ತ ನೋಡಿದಳು, ಇತ್ತ ನೋಡಿದಳು. ಎರಡು ಬೂಟುಗಳನ್ನೂ ಎತ್ತಿ ಎರಡು ಕೆನ್ನೆಗೆ ಒತ್ತಿಕೊಂಡು ಕ್ಯಾಮೆರಾದತ್ತ ತಿರುಗಿದಳು. ಒಂದು ಬೂಟನ್ನು ಮೂಗಿಗೆ ಹಿಡಿದಳು. ದಸ್ತಿ ಅಡ್ಡ ಬಂತು.

ಅವಳು ಬೂಟಿನ ಅಂಚಿನಿಂದಲೇ ದಸ್ತಿಯನ್ನು ಕೆಳಗೆಳೆದಳು.

"ದಸ್ತಿ ಜಾರೇತಿ," ಎಂದು ಸಣ್ಣಪ್ಪ ಹಿಂದಿನಿಂದ ಕೂಗಿದ. "ಪರಶ್ಯಾ, ನಿಲ್ಲಸೋ. ಆಕಿ ಮಾರಿ ಕಾಣಾಕ ಹತ್ತೈತಿ ನೋಡೋ."

ಪರಶಪ್ಪನ ಬೆರಳು ಗುಂಡಿಯ ಮೇಲಿತ್ತು. ಬೆರಳು ಎತ್ತಿದರೆ ಕ್ಯಾಮೆರಾ ನಿಲ್ಲುತ್ತಿತ್ತು. ಸುರುಳಿ ಸಾವ್ಕಾರನದು, ಡೇರೆ ಸಾವ್ಕಾರನದು. ಮುಂದಿನ ಕೆಲಸ ಸಿಗುವುದೂ ಬಿಡುವುದೂ ಸಾವ್ಕಾರನ ಮಾತಿನಲ್ಲಿತ್ತು. ಕ್ಯಾಮೆರಾದ ಕಿಂಡಿಯಲ್ಲಿ ಅವನಿಗೆ ಕಾಣುತ್ತಿದ್ದದ್ದು ಎರಡು ಬೂಟುಗಳ ನಡುವಿನ ನಲವತ್ತರ ಹೆಣ್ಣಿನ ಮುಖ: ಬೆವರಿದ ಹಣೆ, ಹಸಿರು ಹಚ್ಚೆಯ ಗಲ್ಲ, ನಗೆಯನ್ನು ಬಿಗಿ ಹಿಡಿದ ತುಟಿ. ಅವನು ಬೆರಳನ್ನು ಇನ್ನಷ್ಟು ಒತ್ತಿದ.

ರೇಣವ್ವ ಬೂಟನ್ನು ಮೂಸಿದಳು. ಕಣ್ಣುಗಳು ಮೇಲೆ ಹೋದವು. ಹಾಗೆಯೇ ಎದ್ದು ನಿಂತು, ಎರಡೂ ಬೂಟುಗಳನ್ನು ಎದೆಗವಚಿಕೊಂಡು, ಹಲಗೆಯಂತೆ ಹಿಂದಕ್ಕೆ ಬಿದ್ದಳು. ಸದ್ದು ಕೇಳಿ ಕಳಕಪ್ಪ ಹೊರಗೋಡಿ ಬಂದ. ಆಗ ಮಧ್ಯಾಹ್ನದ ಒಂದು ಗಂಟೆ. ಬಾಗಿಲ ನೆರಳು ದಾಟಿ ಬರಿಗಾಲು ಕಾದ ಬಂಡೆಯ ಮೇಲೆ ಬಿದ್ದದ್ದೇ ಅವನು ಒಂಟಿಗಾಲಲ್ಲಿ ಕುಣಿಯತೊಡಗಿದ. ನಟನೆ ಎಂಬುದು ಅಲ್ಲಿ ಎಳ್ಳಷ್ಟೂ ಇರಲಿಲ್ಲ. ರೇಣವ್ವ ಎದ್ದು ಓಡಿದಳು. ಅವನು ಕುಣಿಯುತ್ತ ಅಟ್ಟಿದ. ಇಪ್ಪತ್ತಾರು, ಇಪ್ಪತ್ತೇಳು, ಅವಳು ತಟ್ಟನೆ ತಿರುಗಿ, ಬೂಟುಗಳನ್ನು ಕಿವಿಯ ಪಕ್ಕ ಹಿಡಿದು, ಕ್ಯಾಮೆರಾವನ್ನು ನೇರವಾಗಿ ನೋಡಿದಳು.

ಕೀಲಿ ಮುಗಿಯಿತು.

*

ಆ ಫಿಲ್ಮಿಗೆ ಬೇರೆ ಪ್ರತಿ ಇರಲಿಲ್ಲ. ಮುಂಬಯಿಯಲ್ಲಿ ತೊಳೆದು ಕಳಿಸಿದ ಸುರುಳಿಯೇ ಮೊದಲು, ಅದೇ ಕೊನೆ. ಅದನ್ನು ಕತ್ತರಿಸಿದರೆ ಕತ್ತರಿಸಿದ್ದು ಕತ್ತರಿಸಿದಂತೆಯೇ. ಸಣ್ಣಪ್ಪ ಸುದ್ದಿ ಮುಟ್ಟಿಸಿದ ದಿನವೇ ಶಿವನಪ್ಪ ಹೇಳಿ ಕಳಿಸಿದ: ಪಾರ್ಸಲ್ಲು ಬಂದರೆ ತನ್ನೆದುರೇ ಬಿಚ್ಚಬೇಕು, ಕತ್ತರಿ ತಾನೇ ತರುತ್ತೇನೆ.

ಯುಗಾದಿ ಕಳೆದ ಮೂರನೆಯ ದಿನ ಪಾರ್ಸಲ್ಲು ಬಂತು. ಡೇರೆ ಆಗ ರೋಣದಲ್ಲಿತ್ತು. ಹಗಲಲ್ಲಿ ಡೇರೆಯೊಳಗೆ ಬೆಳಕು ನುಗ್ಗುವುದರಿಂದ, ಶಿವನಪ್ಪ ಗೆಳೆಯನೊಬ್ಬನ ಹತ್ತಿ ಗೋದಾಮನ್ನು ಮರುದಿನ ಮಧ್ಯಾಹ್ನದ ಮಟ್ಟಿಗೆ ಕೇಳಿಕೊಂಡ. ಕಿಟಕಿಯಿಲ್ಲದ, ಕತ್ತಲು ಕವಿದ ಗೋದಾಮು. ಪ್ರೊಜೆಕ್ಟರಿಗೆ ಪಕ್ಕದ ಗಿರಣಿಯ ಎಂಜಿನ್ನಿನಿಂದ ತಂತಿ ಎಳೆದರು. ಹತ್ತಿಗೆ ಮುಳ್ಳು ಮಣ್ಣು ತಾಗಬಾರದು. ತೂಗುವ ತಕ್ಕಡಿಯಂತೂ ಅಲ್ಲಿ ಲಕ್ಷ್ಮಿ. ಹೀಗಾಗಿ ಯಾರೇ ಬರಲಿ, ಕಾಲಲ್ಲಿದ್ದದ್ದನ್ನು ಬಾಗಿಲ ಹೊರಗೇ ಬಿಡಬೇಕು. ಶಿವನಪ್ಪನೂ ತನ್ನ ಮಿಂಚುವ ಪಂಪ್ ಶೂಗಳನ್ನು ಹಮಾಲರ ಚಪ್ಪಲಿಗಳ ಸಾಲಿನಲ್ಲಿ ಬಿಟ್ಟು ಒಳಗೆ ಬಂದ.

ಹತ್ತಿ ಹಸನು ಮಾಡುವ ಇಪ್ಪತ್ತು ಹೆಂಗಸರು ಒಳಗೆ ಬುತ್ತಿ ಬಿಚ್ಚಿ ಕುಳಿತಿದ್ದರು. ಅವರನ್ನು ಹೊರಗೆ ಹೋಗಿರೆಂದಾಗ ಗಾಳೆವ್ವ ಎಂಬ ಹಿರಿಯಳು ರೊಟ್ಟಿ ಮುರಿಯುತ್ತ, "ಹೊರಗ ಬಿಸಲಾಗ ನೀವ ಹೋಗ್ರಿ. ಇದು ನಮ್ಮ ಉಣ್ಣೂ ಹೊತ್ತು," ಎಂದಳು. ಯಾರೂ ಏಳಲಿಲ್ಲ.

ಪರಶಪ್ಪ ಹೇಳಿ ಕಳಿಸಿದ್ದರಿಂದ ಗಜೇಂದ್ರಗಡದಿಂದ ರೇಣವ್ವ ಬಂದಿದ್ದಳು, ರಸೂಲಬಿಯ ಟಾಂಗಾದಲ್ಲಿ, ನಸುಕಿಗೇ ಹೊರಟು. ಅವಳು ಬಾಗಿಲ ಬಳಿ ಹತ್ತಿ ತುಂಬಿದ ಅಂಡಿಗೆಗೆ ಒರಗಿ ನಿಂತಳು. ಶಿವನಪ್ಪ ಅವಳತ್ತ ನೋಡಲಿಲ್ಲ. ಅವನ ತೊಡೆಯ ಮೇಲೆ ಕತ್ತರಿ ಇತ್ತು.

ಬಾಗಿಲು ಮುಚ್ಚಿದರು. ತೆರೆಯಾಗಿ ಕಟ್ಟಿದ ಬಿಳಿ ಧೋತರದ ಮೇಲೆ ಗುಡ್ಡ ಮೂಡಿತು, ಸುಲ್ತಾನ ಮೂಡಿದ. ಕೈ ಎತ್ತಿದ್ದು, ಕುದುರೆ ನಿಂತದ್ದು, ಸವಾರ ಹಾರಿದ್ದು: ಹೆಂಗಸರು ರೊಟ್ಟಿ ಕೈಯಲ್ಲಿ ಹಿಡಿದೇ ನಕ್ಕರು. ಸಣ್ಣಪ್ಪನ ಮುಖ ದೊಡ್ಡದಾಗಿ ಬಂದಾಗಲೆಲ್ಲ ಮತ್ತೆ ಊಟಕ್ಕೆ ತಲೆ ಬಗ್ಗಿಸಿದರು.

"ಬಿದ್ದಾಗ ಚಲೋ ಅದಾನ, ಎದ್ದಾಗ ಸಪ್ಪಗ ಆಗತಾನಲ್ಲಬೇ," ಎಂದಳು ಗಾಳೆವ್ವ.

ತಿಪ್ಪವ್ವನ ಬಾಗಿಲು ಬಂತು. ಕಳಕಪ್ಪ ಬಂದ, ಕಾಲೆತ್ತಿದ, ಇಳಿಸಿದ, ಬೂಟು ಬಿಟ್ಟ. ಮೊದಲು ಒಬ್ಬಳು ಕಿಸಕ್ಕೆಂದಳು. ಅವನು ಪಿಸ್ತೂಲು ಕಚ್ಚಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಾಗ ಇಡೀ ಗೋದಾಮು ಒಡೆದುಹೋಯಿತು. "ಕಳ್ಳ ಆದರೂ ಮನತನಸ್ಥ ನೋಡಬೇ," ಎಂದು ಯಾರೋ ಕೂಗಿದರು. ಶಿವನಪ್ಪನ ಹೊಟ್ಟೆ ಕುಲುಕುತ್ತಿದ್ದುದನ್ನು ಪರಶಪ್ಪ ಪ್ರೊಜೆಕ್ಟರಿನ ಬೆಳಕಿನಲ್ಲಿ ಕಂಡ.

ಆಮೇಲೆ ದಸ್ತಿ ಜಾರಿತು.

ನಗು ನಿಂತಿತು. ರೇಣವ್ವ ಅಂಡಿಗೆಯಿಂದ ಬೆನ್ನೆತ್ತಿ ನೆಟ್ಟಗೆ ನಿಂತಳು.

"ಹೆಣ್ಣಮಗಳು," ಎಂದಳು ಒಬ್ಬಾಕೆ ಮೆಲ್ಲಗೆ.

"ಇಷ್ಟೊತ್ತು ಬಿದ್ದಾಕಿ ಈಕೀನಽ?"

ತೆರೆಯ ಮೇಲಿನ ರೇಣವ್ವ ಬೂಟು ಮೂಸಿದಳು. ಯಾರೂ ನಗಲಿಲ್ಲ. ಅವಳ ಕಣ್ಣು ಮೇಲೆ ಹೋದವು. ಯಾರೂ ನಗಲಿಲ್ಲ. ಶಿವನಪ್ಪ ಕತ್ತರಿಯನ್ನು ಕೈಗೆತ್ತಿಕೊಂಡ. ಅವಳು ಹಲಗೆಯಂತೆ ಹಿಂದಕ್ಕೆ ಬಿದ್ದಳು.

"ಎವ್ವಾ, ನನ್ನ ಗಂಡನ ಮೆಟ್ಟ ಮೂಸಿದರ ನಾನೂ ಹಿಂಗ ಬೀಳತಿದ್ದೆ," ಎಂದಳು ಗಾಳೆವ್ವ.

ಅಲ್ಲಿಂದ ಎದ್ದ ನಗು ಸುರುಳಿ ಮುಗಿದರೂ ಇಳಿಯಲಿಲ್ಲ. ಇಬ್ಬರು ಹಿಂಜಿದ ಹತ್ತಿಯ ಮೇಲೆ ಹಿಮ್ಮುಖವಾಗಿ ಬಿದ್ದು ಅದನ್ನೇ ಮಾಡಿ ನೋಡಿದರು.

ಬಾಗಿಲು ತೆರೆದು ಬೆಳಕು ಬಂದಾಗ ಶಿವನಪ್ಪ ಆಗಲೇ ಸುರುಳಿ ಬಿಚ್ಚಿಸಿ ಪಟ್ಟಿಯನ್ನು ಬೆಳಕಿಗೆ ಹಿಡಿದಿದ್ದ. "ಬೂಟಿನ ಆಟ ಇರಲಿ. ಆಕಿ ಮಾರಿ ತಗೀತೀನಿ," ಎಂದ.

"ತಗೀರಿ," ಎಂದ ಪರಶಪ್ಪ. ಅವನ ದನಿಯಲ್ಲಿ ಹೊಸತೊಂದು ಇತ್ತು. "ಎಲ್ಲಿ ಕತ್ತರಸ್ತೀರಿ, ತೋರಸ್ರಿ."

ಶಿವನಪ್ಪ ಪಟ್ಟಿಯನ್ನು ಮೊಳಮೊಳವಾಗಿ ಸರಿಸುತ್ತ ನೋಡಿದ. ಬೂಟು ಇದ್ದಲ್ಲೆಲ್ಲ ಮುಖ ಇತ್ತು. ಕೆನ್ನೆಗೊತ್ತಿದ ಬೂಟು, ಮೂಗಿಗೆ ಹಿಡಿದ ಬೂಟು, ಎದೆಯ ಮೇಲಿನ ಬೂಟು, ಕಿವಿಯ ಪಕ್ಕದ ಬೂಟು. ಮುಖ ತೆಗೆದರೆ ಬೂಟು ಕದ್ದವರಿಲ್ಲ. ಕಳಕಪ್ಪ ಬರಿಗಾಲಲ್ಲಿ ಕುಣಿಯುವುದಕ್ಕೆ ಕಾರಣವೇ ಇಲ್ಲ. ಹತ್ತು ವರ್ಷ ಜನರ ನಗುವನ್ನು ಮಾರಿದ ಮನುಷ್ಯನಿಗೆ ಅದನ್ನು ಯಾರೂ ತಿಳಿಸಿಹೇಳಬೇಕಾಗಿರಲಿಲ್ಲ. ಅವನು ತಲೆ ಎತ್ತಿದ.

"ಬೇಕಂತನ ಮಾಡೀದಿ ನೀ."

"ಹೌದ್ರಿ," ಎಂದಳು ರೇಣವ್ವ. "ಬೇಕಂತನ ಮಾಡೀನಿ. ನಗು ಎಲ್ಲಿ ಐತೋ ಅಲ್ಲಿ ಮಾರಿ ಇಟ್ಟೀನಿ. ಹದಿನೈದು ವರ್ಷದ ಕಸಬು ಅದು. ಕತ್ತರಸೂದಿದ್ದರ ಎರಡೂ ಕತ್ತರಸ್ರಿ."

ಕತ್ತರಿಯ ಬಾಯಿ ಪಟ್ಟಿಯ ಮೇಲೆ ತೆರೆದುಕೊಂಡಿತು. ಹಾಗೆಯೇ ಸ್ವಲ್ಪ ಹೊತ್ತು ಇತ್ತು. ಹಿಂದಿನಿಂದ ಗಾಳೆವ್ವ, "ಆ ಬೂಟಿಂದು ಇನ್ನೊಮ್ಮೆ ಹಚ್ಚರಿ ಸಾವ್ಕಾರ್ರ, ಉಂಡದ್ದು ಕರಗಲಿ," ಎಂದಳು.

ಶಿವನಪ್ಪ ಕತ್ತರಿ ಮುಚ್ಚಿದ. "ಆತು, ಮಾರಿ ಇರಲಿ," ಎಂದ. "ಆದರ ಮೊದಲಿಗೆ ಬರೂ ಹೆಸರು ಸಣ್ಣಪ್ಪಂದ. ಅವನೊಬ್ಬನದ. ಮಾರಿ ನೋಡಿ ಮಂದಿ ಮರೀತಾರ, ಹೆಸರು ಉಳೀತೈತಿ." ಅವನು ಎದ್ದು ಮೈ ಮುರಿದ. ಮಾತು ಅಲ್ಲಿಗೆ ಮುಗಿಯಿತೆಂದುಕೊಂಡ.

ಅವನು ಬಾಗಿಲಿಗೆ ಬಂದಾಗ ಚಪ್ಪಲಿಗಳ ಸಾಲಿನಲ್ಲಿ ಪಂಪ್ ಶೂಗಳಿರಲಿಲ್ಲ. ಒಳಗೆ ತಿರುಗಿ ನೋಡಿದ; ರೇಣವ್ವನೂ ಇರಲಿಲ್ಲ.

ಅಂಗಳದುದ್ದಕ್ಕೂ ಹಾಸುಗಲ್ಲು. ಅದರಾಚೆ, ಬೇವಿನ ನೆರಳಿನಿಂದ ರಸೂಲಬಿಯ ಟಾಂಗಾ ಆಗತಾನೇ ಹೊರಳಿತ್ತು. ಹಿಂದಿನ ಆಸನದಲ್ಲಿ ಹೊರಗೆ ಮುಖ ಮಾಡಿ ರೇಣವ್ವ ಕುಳಿತಿದ್ದಳು. ಅವಳ ಎರಡು ಕೆನ್ನೆಗೆ ಎರಡು ಪಂಪ್ ಶೂ.

"ಏ ನಿಲ್ಲು," ಎಂದು ಶಿವನಪ್ಪ, ಹಮಾಲರ ಚಪ್ಪಲಿಗಳತ್ತ ನೋಡದೆಯೇ, ಅಂಗಳಕ್ಕಿಳಿದ. ಕಲ್ಲು ಕಾದಿತ್ತು. ಅವನು ಬಲಗಾಲು ಎತ್ತಿದ, ಎಡಗಾಲು ಎತ್ತಿದ, ಮತ್ತೆ ಬಲಗಾಲು. ನಾಲ್ಕು ಹೆಜ್ಜೆ ಕುಣಿದು ಮುಂದೆ ಹೋದವನಿಗೆ ಹಿಂದಕ್ಕೆ ಹೋಗುವುದೂ ಅಷ್ಟೇ ದೂರವಾಯಿತು. ಸಿಟ್ಟಿನಿಂದ ಕೈ ಎತ್ತಿದ. ದಾರಿಯತ್ತ ತಿರುಗುತ್ತಿದ್ದ ಸುಲ್ತಾನ ಆ ಕೈಯನ್ನು ಓರೆಗಣ್ಣಿನಲ್ಲಿ ಕಂಡು, ನಾಲ್ಕೂ ಕಾಲೂರಿ ನಿಂತುಬಿಟ್ಟ. ಟಾಂಗಾ ಜರ್ಕನೆ ನಿಂತಿತು. ಅದನ್ನು ಬಲ್ಲ ರೇಣವ್ವ ಆಗಲೇ ಶೂಗಳನ್ನು ಮಡಿಲಿಗೆ ಹಾಕಿಕೊಂಡು ಕಂಬಿ ಹಿಡಿದು ಕುಳಿತಿದ್ದಳು.

"ಗಿರಾಕಿ ಬಂತು," ಎಂದಳು ರಸೂಲಬಿ ಹಿಂದೆ ತಿರುಗದೆ.

ಬಾಗಿಲಲ್ಲಿ ಇಪ್ಪತ್ತು ಹೆಂಗಸರು, ಅಂಡಿಗೆಗಳ ಮೇಲೆ ಹಮಾಲರು. ಯಾರೂ ಸಹಾಯಕ್ಕೆ ಓಡಿ ಬರಲಿಲ್ಲ.

"ಬೂಟ ಕೊಡು, ರೇಣವ್ವಾ."

"ಹೆಸರು ಹಾಕ್ತೀರೇನ್ರಿ?"

"ಅದು ಆಮ್ಯಾಲ ಮಾತಾಡೂಣು. ಕಾಲು ಸುಡಾಕ ಹತ್ತ್ಯಾವ."

"ನನ್ನವೂ ಹದಿನೈದು ವರ್ಷ ಸುಟ್ಟಾವ್ರಿ. ಹೆಸರು ಹಾಕದಿದ್ದರ ಒಂದ್ ಮಾತ ಹೇಳತೀನಿ, ಕುಣೀತಾನ ಕೇಳ್ರಿ. ನೀವು ಯಾವ ಊರಾಗ ಡೇರೆ ಹಾಕ್ತೀರೋ ಆ ಊರಿಗೆ ಬರತೀನಿ. ದಿನಾ ಆಟಕ್ಕ ಮುಂಚೆ ನಿಮ್ಮ ಬಾಗಲದಾಗ ಬೀಳತೀನಿ. ಮಂದಿ ಹೊರಗ ನಿಂತು ನಕ್ಕು, ಟಿಕೀಟ ತಗೊಳ್ದ ಮನೀಗೆ ಹೋಗತಾರ. ನೋಡೂಣು ಆಗ ಯಾರ ಹೆಸರು ಉಳೀತೈತಿ."

ಶಿವನಪ್ಪ ಅವಳನ್ನು ನೋಡಿದ, ಬಾಗಿಲಲ್ಲಿ ನಿಂತವರನ್ನು ನೋಡಿದ. ಅವಳು ಹೇಳಿದ್ದನ್ನು ಮಾಡುವವಳೆಂಬುದರಲ್ಲಿ ಅವನಿಗೆ ಅನುಮಾನ ಉಳಿಯಲಿಲ್ಲ. ಕಾಲುಗಳು ಯೋಚನೆಗೆ ಸಮಯ ಕೊಡಲಿಲ್ಲ.

"ಹಾಕ್ತೀನಿ. ಕೊಡು."

"ಬಾಯಿ ಮಾತು ಕಂಪನೀ ಮಾಲಕರೂ ಕೊಡತಿದ್ದರ್ರಿ. ಬರೀರಿ."

ಅಂಡಿಗೆಗಳಿಗೆ ಗುರುತು ಹಾಕುವ ಸೀಮೆಸುಣ್ಣವನ್ನು ಗಾಳೆವ್ವ ತಂದು ಅವನ ಕೈಗಿಟ್ಟಳು. ಗೋದಾಮಿನ ಹೊರಬಾಗಿಲ ಕರಿ ಕದ ಹತ್ತಿರದಲ್ಲಿಯೇ, ಬಿಸಿಲಿನಲ್ಲಿತ್ತು. ಪರಶಪ್ಪ ಚೀಲ ಬಿಚ್ಚಿದ. ಹೆಸರಿಗೆಂದು ಎತ್ತಿಟ್ಟಿದ್ದ ಫಿಲ್ಮಿನ ತುಂಡನ್ನು ಕಂಬಳಿಯೊಳಗೆ ಕೈ ತೂರಿಸಿ ಕ್ಯಾಮೆರಾಕ್ಕೆ ಸೇರಿಸಿ, ಕೀಲಿ ತಿರುವಿದ. ಅದರಲ್ಲಿದ್ದದ್ದು ಎಂಟು ಸೆಕೆಂಡು.

"ಪೂರ್ತಿ ಹೆಸರು ಬರೀರಿ ಸಾವ್ಕಾರ್ರ," ಎಂದ ಅವನು. "ಸುರುಳಿ ಓಡಾಕ ಹತ್ತೈತಿ."

ಶಿವನಪ್ಪ ಬರೆದ. ಬರೆದು ಮುಗಿಸಿ ಕೈ ಚಾಚಿದಾಗ ರೇಣವ್ವ ಟಾಂಗಾದಿಂದಿಳಿದು ಬಂದು ಶೂಗಳನ್ನು ಅವನ ಮುಂದೆ, ಅವನು ನೇರವಾಗಿ ಕಾಲಿಡುವಂತೆ, ಜೋಡಿಸಿಟ್ಟಳು. ಎದ್ದು ನಿಂತು ಕದದ ಮೇಲಿನ ಬರಹವನ್ನು ಒಮ್ಮೆ ಓದಿದಳು. ಆಮೇಲೆ ಟಾಂಗಾ ಹತ್ತಿ, "ನಡೀರಿ ರಸೂಲಬಿ, ನಾಳೆ ಕಂಡಿಕಿ ಸುತ್ತೂದೈತಿ," ಎಂದಳು.

ಆ ಬೇಸಿಗೆ ಮುಗಿಯುವವರೆಗೆ ಶಿವನಪ್ಪನ ಡೇರೆಯಲ್ಲಿ ದೊಡ್ಡ ಚಿತ್ರಕ್ಕೆ ಮುನ್ನ ಹತ್ತು ಹನ್ನೆರಡು ನಿಮಿಷದ ತುಣುಕು ಓಡಿತು. ಅದರ ಆರಂಭದಲ್ಲಿ ಕರಿ ಕದದ ಮೇಲೆ ಒಂದು ಕೈ 'ಬಿದ್ದವಳು: ರೇಣವ್ವ' ಎಂದು ಬರೆಯುತ್ತಿತ್ತು. ಪರಶಪ್ಪ ಕ್ಯಾಮೆರಾವನ್ನು ತುಸು ಹಿಂದಕ್ಕೆ ಇಟ್ಟಿದ್ದ. ಚಿತ್ರದ ಕೆಳಮೂಲೆಯಲ್ಲಿ, ಧೋತರದ ಅಂಚಿನ ಕೆಳಗೆ, ಎರಡು ದಪ್ಪ ಬರಿಗಾಲುಗಳು ಒಂದಾದ ಮೇಲೊಂದು ಮೇಲೇಳುತ್ತಿದ್ದವು. ಜನ ನಗತೊಡಗುತ್ತಿದ್ದುದು ಅಲ್ಲಿಂದಲೇ.